ಕೆಂಪು ಅಂದ್ರ ಹಸಿರು

ಮೊದಲನೇ ದಿನಾನ ಹೇಳಿಕೊಟ್ಟಿದ್ರು:
ಈ ಚಿತ್ರದಾಗ ಕೆಂಪು ಅಂದ್ರ ಹಸಿರು.
ನಮ್ಮ ಕಣ್ಣಿಗೆ ದಕ್ಕದ ಒಂದು ಬೆಳಕನ್ನ
ಎಲಿ ಮ್ಯಾಲಕ್ಕ ತಿರುಗಿ ಕಳಸ್ತದ,
ಅದಕ್ಕ ನಾವು ಕೆಂಪು ಬಳೀತೀವಿ.
ಊರು ಬೂದಿ. ನೀರು ಕಪ್ಪು.
ಒಂದು ಚುಕ್ಕಿ ಅಂದ್ರ ಹತ್ತಿರ ಹತ್ತಿರ ಒಂಬತ್ತು ಗುಂಟೆ,
ಅಷ್ಟರಾಗ ಒಂದು ಹಿಟ್ಟಿನ ಗಿರಣಿ, ಒಂದು ದರ್ಗಾ,
ಇಬ್ಬರು ಅಣ್ಣತಮ್ಮಂದಿರ ಬದುವಿನ ವ್ಯಾಜ್ಯ
ಎಲ್ಲಾ ಕೂಡಿ ಒಂದ ಬಣ್ಣ.

ಎಂಬತ್ತೊಂಬತ್ತರ ಚಿತ್ರದಾಗ
ಹುಬ್ಬಳ್ಳಿ ಒಂದು ಮಸಿ ಕಲಿ, ಧಾರವಾಡ ಒಂದು,
ನಡುವ ರಸ್ತೆ, ಹೊಲಿಗಿ ಬಿಚ್ಚಿದ ದಾರದಂಗ.
ಆಮ್ಯಾಲಿಂದ ದಾರ ಬಾತಕೋತ ಬಂತು:
ನವನಗರ, ರಾಯಾಪುರ, ಸತ್ತೂರ.
ಅವಳಿ ಅಂತ ಹೆಸರಿಟ್ಟದ್ದು ಮೊದಲು,
ಮೈ ಕೂಡಿದ್ದು ಆಮ್ಯಾಲೆ.

ಯಂತ್ರ ತಪ್ಪತದ.
ಕಡ್ಲಿ ಕಿತ್ತ ಎರಿ ಹೊಲಾನ ಊರು ಅಂತದ,
ಉಣಕಲ್ ಕೆರಿ ತುಂಬ ಹಬ್ಬಿದ ಅಂತರಗಂಗಿ ನೋಡಿ
ಆಹಾ, ತ್ವಾಟ, ಅಂತದ.
ತಿದ್ದಲಿಕ್ಕೆ ನನ್ನ ಇಟ್ಟಾರ.
ಗಾಮನಗಟ್ಟಿ ಕಡೆ ಒಂದು ಬೂದಿ ಚುಕ್ಕಿ ಐತಿ,
ಅದನ್ನ ನಾ ತಿದ್ದೂದಿಲ್ಲ. ಅದು ನಮ್ಮನಿ.
ಎರಡು ಸಾವಿರದ ಒಂದರಾಗ ಕೆಂಪಿತ್ತು.
ಈಗ ತಿಂಗಳಾ ತಿಂಗಳಾ ಐದನೇ ತಾರೀಖಿಗೆ
ಆ ಬೂದಿಗೆ ಕಂತು ಕಟ್ತೇವಿ.

ನೆಲದ ಮ್ಯಾಲಿನ ತಪಾಸಣಿ. ನವಲೂರ. ಬಿಂದು ನಲವತ್ತೇಳು.
ಯಂತ್ರದ ಉತ್ತರ: ಬೀಳು.
ಸ್ಕೂಟಿ ನಿಲ್ಲಿಸಿದೆ. ಲೇಔಟಿನ ಕಮಾನು,
ಸುಣ್ಣ ಹಚ್ಚಿದ ಕಲ್ಲು, ಕಲ್ಲಿನ ಮ್ಯಾಲೆ ನಂಬರು,
ಡಾಂಬರು ಒಡೆದು ಎದ್ದ ಕಾಂಗ್ರೆಸ್ ಕಸ,
ದೀಪ ಇಲ್ಲದ ದೀಪದ ಕಂಬ.
ನೂರಾ ಹನ್ನೆರಡಕ್ಕೂ ನೂರಾ ಹದಿಮೂರಕ್ಕೂ ನಡುವ
ಒಂದು ಪ್ಯಾರಲ ಗಿಡ, ಕೆಳಗ ಬುಟ್ಟಿ,
ಬುಟ್ಟಿ ಹಿಂದ ರಾಜೇಸಾಬ ಬಾಗವಾನ.

“ಏನ ಅಳೀಲಿಕತ್ತೀರಿ ಅಕ್ಕಾರ?
ಇನ್ನೂರಾ ಎಂಟು ಗಿಡ ಗುತ್ತಿಗಿ ಹಿಡೀತಿದ್ದೆ ಇಲ್ಲೆ.
ಈಗ ಒಂದು. ಪ್ಲಾಟಿನವರು ಪುಣೇದಾಗ ಅದಾರಂತ,
ಅವರು ಕಂಪೌಂಡ್ ಕಟ್ಟೂಮಟಾ ಹಣ್ಣು ನಂದು.
ಮ್ಯಾಲಿಂದ ನಾ ಕಾಣಸ್ತೀನೇನು?”
ಇಲ್ರಿ, ಅಂದೆ. ಒಂಬತ್ತು ಗುಂಟೆಗೆ ಒಂದ ಚುಕ್ಕಿ.
ಬೆರಳ ಗೆಣಿಕಿ ಎಣಿಸಿದ:
“ಅಂದ್ರ ಇಪ್ಪತ್ತೈದು ಗಿಡಕ್ಕ ಒಂದು ಚುಕ್ಕಿ.”

ಮೊಬೈಲಿನಾಗ ಹಳೇ ಚಿತ್ರ ತೋರಿಸಿದೆ.
ದೂರ ಹಿಡದ, ಹತ್ತಿರ ತಂದ.
“ಇದು ನಂದ ತ್ವಾಟ, ಹಳ್ಳದ ಡೊಂಕು ನೋಡ್ರಿ.
ಆದ್ರ ಇಷ್ಟ್ಯಾಕ ಕೆಂಪದ?”
ನಾ ಎಲಿ, ಬೆಳಕು ಅಂತ ಶುರು ಮಾಡೂದ್ರಾಗ
ಒಂದು ಕಾಯಿ ಒಡದು ನನ್ನ ಕೈಯಾಗಿಟ್ಟ.
ಒಳಗ ಕೆಂಪು.
“ಮ್ಯಾಲಿಂದ ನೋಡಿದ್ರ ಒಳಗಿಂದೂ ಕಾಣಸ್ತದೇನು?”

ರಜಿಸ್ಟರಿನಾಗ ನಾಕ ಮನಿ ಅದಾವ:
ಕಟ್ಟಡ, ಬೆಳೆ, ನೀರು, ಬೀಳು.
ಪೆನ್ನು ಎತ್ತಿ ಹಿಡಕೊಂಡು ನಿಂತೆ.
ಬಿಸಲು ನೆತ್ತಿಗೆ ಬಂತು.
ಬೆಳೆ, ಅಂತ ಬರದೆ.

ಸಂಜಿಕೆ ಆಫೀಸಿನಾಗ ನಲವತ್ತೇಳು ಕೆಂಪಾಗಿ ನಿಂತಿತ್ತು,
ಬೂದಿಯೊಳಗ ಒಬ್ಬಂಟಿ.
ಇಂಥಾದಕ್ಕೂ ಒಂದು ನಿಯಮ ಅದ:
ಸುತ್ತಲಿನ ಎಂಟು ಚುಕ್ಕಿ ಏನಂತಾವೋ
ನಡುವಿನ ಚುಕ್ಕಿನೂ ಅದನ್ನ ಅನಬೇಕು.
ನಕ್ಷಾ ಚೊಕ್ಕ ಕಾಣಸ್ತದ. ಆ ಗುಂಡಿ ಒತ್ತೂದೂ ನನ್ನ ಕೆಲಸ.
ಒತ್ತಿದೆ.

ಪರದೆ ಮ್ಯಾಲೆ ಒಂದು ಗಳಿಗಿ ಏನೂ ಆಗಲಿಲ್ಲ.
ಆಚೆ ಟೇಬಲ್ಲಿನ ಗಂಗೂಬಾಯಿ ಮೂಗು ಎತ್ತಿ ಕೇಳಿದ್ಲು:
ಯಾರ ಚೀಲದಾಗ ಅದ, ಪ್ಯಾರಲ ಹಣ್ಣು?